ಜಾವಾದಲ್ಲಿ ಲಿಸ್ಟ್ ಒಳಗೆ ಲಿಸ್ಟ್: ಯಾವ ಲೂಪ್ ಎಲ್ಲಿ ಸರಿ?

ಹೋಲಿಕೆಗೆ ನಾನು ಇಟ್ಟುಕೊಂಡಿದ್ದು ಒಂದು ಹ್ಯಾಶ್‌ಮ್ಯಾಪ್, ಅಂದರೆ ಕೀ ಕೊಟ್ಟರೆ ಅದರ ವ್ಯಾಲ್ಯೂ ಕೊಡುವ ಸಂಗ್ರಹ. ಕೀ ಗ್ರಾಹಕರ ಐಡಿ, ವ್ಯಾಲ್ಯೂ ಅವರ ಆರ್ಡರ್‌ಗಳ ಲಿಸ್ಟ್, ಪ್ರತಿ ಆರ್ಡರ್ ಒಳಗೆ ಐಟಂಗಳ ಲಿಸ್ಟ್. ಬಿಲ್ಲಿಂಗ್ ಕೋಡ್ ಮುಟ್ಟಿದವರಿಗೆಲ್ಲ ಗೊತ್ತಿರುವ ರಚನೆಯೇ.

ಐ, ಜೆ, ಕೆ ಎಂಬ ಕ್ರಮಸಂಖ್ಯೆಗಳನ್ನು ಇಟ್ಟುಕೊಂಡ ಇಂಡೆಕ್ಸ್ ಲೂಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೆ ಇರಬೇಕಾದಲ್ಲಿ ಐ ಬಿದ್ದರೂ ಕಂಪೈಲರ್ ತುಟಿಪಿಟಕ್ಕೆನ್ನುವುದಿಲ್ಲ. ಅದೂ ಲಿಂಕ್ಡ್‌ಲಿಸ್ಟ್ ಆಗಿದ್ದರೆ ಪ್ರತಿ ಗೆಟ್‌ಗೂ ತುದಿಯಿಂದ ಒಂದೊಂದೇ ನೋಡ್ ದಾಟಿ ಬರಬೇಕು. ಪಕ್ಕಪಕ್ಕದ ಐಟಂಗಳನ್ನು ಹೋಲಿಸುವಂಥ ಕೆಲಸಕ್ಕೆ ಮಾತ್ರ ಇದನ್ನು ಇಟ್ಟುಕೊಳ್ಳಿ.

ನಿಜವಾದ ಪೈಪೋಟಿ ಇರುವುದು 2004ರ ಜಾವಾ 5ರಲ್ಲಿ ಬಂದ ಫಾರ್-ಈಚ್‌ಗೂ (ಇಂಡೆಕ್ಸ್ ಇಲ್ಲದೆ ಒಂದೊಂದೇ ಅಂಶ ಕೈಗೆ ಕೊಡುವ ಲೂಪ್) 2014ರ ಜಾವಾ 8ರ ಸ್ಟ್ರೀಮ್‌ಗೂ (ಅಂಶಗಳನ್ನು ಹಂತ ಹಂತವಾಗಿ ಹಾಯಿಸುವ ವಿಧಾನ). ಎಲ್ಲ ಐಟಂಗಳ ಒಟ್ಟು ಮೊತ್ತ ಬೇಕೆಂದರೆ ಸ್ಟ್ರೀಮ್‌ಗೇ ನನ್ನ ಓಟು. ವ್ಯಾಲ್ಯೂಸ್ ಮೇಲೆ ಸ್ಟ್ರೀಮ್, ಒಳಗಿನ ಲಿಸ್ಟ್‌ಗಳನ್ನು ಬಿಚ್ಚಿ ಒಂದೇ ಸಾಲಾಗಿಸಲು ಎರಡು ಸಲ ಫ್ಲ್ಯಾಟ್‌ಮ್ಯಾಪ್, ಕೊನೆಗೆ ಬೆಲೆ ತೆಗೆದು ಸಮ್. ಓದಿದ ಕೂಡಲೇ ಅರ್ಥವಾಗುತ್ತದೆ.

ಆದರೆ ‘ಈ ಐಟಂ ಯಾವ ಗ್ರಾಹಕರದ್ದು?’ ಎಂಬ ಪ್ರಶ್ನೆ ಬಂದರೆ ಆಟ ಬದಲಾಗುತ್ತದೆ. ಫ್ಲ್ಯಾಟ್‌ಮ್ಯಾಪ್ ದಾಟಿ ಬಂದ ಐಟಂಗೆ ತನ್ನ ಮನೆ ಯಾವುದೆಂದು ನೆನಪಿರುವುದಿಲ್ಲ. ಐಡಿಯನ್ನು ಜೊತೆಗೆ ಹೊತ್ತು ತರಲು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಒಳಗೆ ಲ್ಯಾಂಬ್ಡಾ ಬರೆಯಬೇಕು, ಸಾಮಾನ್ಯವಾಗಿ ಐಡಿ, ಐಟಂ ಎರಡನ್ನೂ ಹಿಡಿದಿಡಲೆಂದೇ ಒಂದು ಪುಟ್ಟ ರೆಕಾರ್ಡ್ ಕೂಡ. ಕೀ-ವ್ಯಾಲ್ಯೂ ಜೋಡಿಗಳ ಎಂಟ್ರಿಸೆಟ್ ಮೇಲೆ ಫಾರ್-ಈಚ್ ಹಾಕಿದರೆ ಐಡಿ ಹೊರಲೂಪ್‌ನಲ್ಲೇ ಕೈಯಲ್ಲಿರುತ್ತದೆ. ಕೀಗಳಷ್ಟೇ ಇರುವ ಕೀಸೆಟ್ ಹಿಡಿದು ಪ್ರತಿ ಸಲ ಗೆಟ್ ಕರೆಯುವವರೂ ಇದ್ದಾರೆ. ಅದು ಸುಮ್ಮನೆ ಎರಡನೇ ಹುಡುಕಾಟ.

ಮಧ್ಯದಲ್ಲೇ ನಿಲ್ಲಿಸುವ ಕೆಲಸದಲ್ಲೂ ನನಗೆ ಫಾರ್-ಈಚ್ ಮೇಲು. ಸ್ಟಾಕ್ ಇಲ್ಲದ ಮೊದಲ ಐಟಂ ಸಿಕ್ಕಿದೊಡನೆ ಹೊರಲೂಪ್‌ನ ಲೇಬಲ್ ಹಿಡಿದು ಬ್ರೇಕ್ ಕೊಟ್ಟರೆ ಮೂರೂ ಲೂಪ್ ಒಟ್ಟಿಗೆ ಮುಗಿಯುತ್ತವೆ. ಸ್ಟ್ರೀಮ್‌ನಲ್ಲಿ ಮೊದಲ ಉತ್ತರವನ್ನಷ್ಟೇ ಕೊಡುವ ಫೈಂಡ್‌ಫಸ್ಟ್ ಇದೆ, ನಿಜ. ಆದರೆ ಒಳಗಿನ ಸ್ಟ್ರೀಮ್‌ಗೆ ಹಾದುಹೋಗುವ ಅಂಶವನ್ನು ಇಣುಕಿ ನೋಡುವ ಪೀಕ್ ಹಾಕಿ ಪ್ರಿಂಟ್ ಮಾಡಿ ನೋಡಿದರೆ, ಜಾವಾ 8ರ ಮೊದಲ ಬಿಲ್ಡ್‌ಗಳಲ್ಲಿ ಉತ್ತರ ಸಿಕ್ಕ ಮೇಲೂ ಒಳಗಿನ ಲಿಸ್ಟ್ ಪೂರ್ತಿ ಓಡುವುದು ಕಾಣುತ್ತದೆ. ಫ್ಲ್ಯಾಟ್‌ಮ್ಯಾಪ್‌ನ ಈ ದೋಷ ಜಾವಾ 10ರಲ್ಲಿ ಸರಿಹೋಯಿತು. ಹಳೆಯ ಸರ್ವರ್ ನೋಡಿಕೊಳ್ಳುವವರು ಇದನ್ನು ಗಮನದಲ್ಲಿಡಲೇಬೇಕು.

ಮ್ಯಾಪ್‌ನದೇ ಫಾರ್‌ಈಚ್ ಮೆಥಡ್ ನೋಡಲು ಚೆಂದ, ಬಳಸಲು ಇಕ್ಕಟ್ಟು. ಬ್ರೇಕ್ ಇಲ್ಲ, ಹೊರಗಿನ ಲೋಕಲ್ ವೇರಿಯಬಲ್‌ಗೆ ಕೂಡುವಂತಿಲ್ಲ, ಚೆಕ್ಡ್ ಎಕ್ಸೆಪ್ಶನ್ (ಹಿಡಿಯಲೇಬೇಕು ಇಲ್ಲವೇ ಘೋಷಿಸಬೇಕು ಎಂದು ಕಂಪೈಲರ್ ಹಟ ಹಿಡಿಯುವ ದೋಷ) ಹೊರಗೆ ಎಸೆಯುವಂತಿಲ್ಲ. ಲಾಗ್ ಬರೆಯುವುದಕ್ಕಷ್ಟೇ ನಾನು ಅದನ್ನು ಮುಟ್ಟುವುದು.

ರದ್ದಾದ ಆರ್ಡರ್‌ಗಳನ್ನು ತೆಗೆಯುವಾಗ ಮಾತ್ರ ಫಾರ್-ಈಚ್, ಸ್ಟ್ರೀಮ್ ಎರಡೂ ಬೇಡ. ಫಾರ್-ಈಚ್ ಒಳಗಿಂದಲೇ ಅದೇ ಲಿಸ್ಟ್‌ನಿಂದ ರಿಮೂವ್ ಮಾಡಿದರೆ ಸಾಮಾನ್ಯವಾಗಿ ಕನ್‌ಕರೆಂಟ್‌ಮಾಡಿಫಿಕೇಶನ್‌ಎಕ್ಸೆಪ್ಶನ್ ಎಂಬ ದೋಷ ಬಂದು ಎದುರು ನಿಲ್ಲುತ್ತದೆ. ಪ್ರತಿ ಒಳ ಲಿಸ್ಟ್ ಮೇಲೆ ರಿಮೂವ್‌ಇಫ್ (ಷರತ್ತಿಗೆ ಹೊಂದಿದ್ದನ್ನೆಲ್ಲ ತೆಗೆಯುವ ಮೆಥಡ್), ಆಮೇಲೆ ವ್ಯಾಲ್ಯೂಸ್ ಮೇಲೆ ಖಾಲಿ ಲಿಸ್ಟ್‌ಗಳಿಗೆ ಇನ್ನೊಂದು ರಿಮೂವ್‌ಇಫ್: ಆರ್ಡರ್ ಉಳಿಯದ ಗ್ರಾಹಕರ ಕೀ ಕೂಡ ಮ್ಯಾಪ್‌ನಿಂದ ಹೋಗುತ್ತದೆ. ಒಳ ಲಿಸ್ಟ್‌ಗಳನ್ನು ಲಿಸ್ಟ್.ಆಫ್‌ನಿಂದ ಕಟ್ಟಿದ್ದರೆ ಇದು ನಡೆಯದು, ಅವು ಬದಲಾಗದ ಲಿಸ್ಟ್‌ಗಳು. ಮೊದಲು ಅರೇಲಿಸ್ಟ್‌ಗೆ ಹಾಕಿಕೊಳ್ಳಿ.