ಎಚ್81 ಮದರ್‌ಬೋರ್ಡ್: ಮೂಡಿಗೆರೆಯ ಎರಡು ಮಳೆಗಾಲ ಕಂಡ ಮೇಲೆ

ಎರಡು ವರ್ಷಗಳ ಹಿಂದೆ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ಜೊತೆ ಬಂದ ಸಿಡಿಲು ನನ್ನ ಡೆಸ್ಕ್‌ಟಾಪಿನ ಮದರ್‌ಬೋರ್ಡನ್ನು (ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆಯನ್ನು) ಸುಟ್ಟಿತು. ಪ್ಲಗ್ ಕಿತ್ತಿದ್ದೆ, ಇಂಟರ್ನೆಟ್ಟಿನ ಲ್ಯಾನ್ ಕೇಬಲ್ ಕೀಳಲು ಮರೆತಿದ್ದೆ. ಪುಣ್ಯಕ್ಕೆ ಇಂಟೆಲ್ ಕಂಪನಿಯ ನಾಲ್ಕನೆಯ ತಲೆಮಾರಿನ ಐ5-4460 ಪ್ರೊಸೆಸರ್ ಉಳಿದಿತ್ತು. ಕಾಫಿ, ಮೆಣಸು ಖರೀದಿಯ ಬಿಲ್ಲನ್ನು ಮೂರು ಪ್ರತಿಗಳಲ್ಲಿ ಒತ್ತುವ ನಮ್ಮ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಈಗಿನ ಕಂಪ್ಯೂಟರುಗಳಲ್ಲಿ ಅಪರೂಪವಾದ ಪ್ಯಾರಲಲ್ ಪೋರ್ಟ್ (ಪ್ರಿಂಟರಿನ ಹಳೆಯ ಅಗಲ ಕಿಂಡಿ) ಬೇಕಾದ್ದರಿಂದ ಹೊಸ ಕಂಪ್ಯೂಟರಿನ ಗೋಜಿಗೆ ಹೋಗಲಿಲ್ಲ.

ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ‘ಎಲ್ಲವೂ ಒಂದೇ ಸಾರ್’ ಎಂದು ಎಚ್61 ಬೋರ್ಡ್ ಕಟ್ಟಿಕೊಟ್ಟರು. ಮನೆಗೆ ತಂದರೆ ಪ್ರೊಸೆಸರ್ ಕೂರಲೇ ಇಲ್ಲ. ಎಚ್61ರದ್ದು 1155 ಸಾಕೆಟ್ (ಪ್ರೊಸೆಸರ್ ಕೂರುವ ಗೂಡು), ಎರಡು ಮತ್ತು ಮೂರನೆಯ ತಲೆಮಾರಿನದು. ನನ್ನ ನಾಲ್ಕನೆಯ ತಲೆಮಾರಿಗೆ ಬೇಕಾದದ್ದು 1150. ಕಚ್ಚುಗಳ ಜಾಗವೇ ಬೇರೆ. ಒತ್ತಿ ಕೂರಿಸಲು ಹೋದರೆ ಬಾಗುವುದು ಬೋರ್ಡಿನ ಪಿನ್ನುಗಳು, ಬಾಗಿದ ಬೋರ್ಡನ್ನು ಯಾವ ಅಂಗಡಿಯವರೂ ವಾಪಸ್ ಪಡೆಯುವುದಿಲ್ಲ. 1151 ಸಾಕೆಟ್ ಇನ್ನೂ ಕಪಟಿ: ಎಂಟನೆಯ ತಲೆಮಾರಿನ ಪ್ರೊಸೆಸರ್ 100, 200 ಸರಣಿಯ ಬೋರ್ಡಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಕಂಪ್ಯೂಟರ್ ಮಾತ್ರ ಏಳುವುದಿಲ್ಲ. ಆದ್ದರಿಂದ ಪ್ರೊಸೆಸರಿನ ನೆತ್ತಿಯ ಮೇಲಿನ ಸಂಖ್ಯೆಯನ್ನು ಬರೆದುಕೊಂಡೇ ಅಂಗಡಿಗೆ ಹೋಗಿ.

ಕೊನೆಗೆ ಆನ್‌ಲೈನಿನಲ್ಲಿ 3,200 ರೂಪಾಯಿಗೆ ಎಚ್81 ತರಿಸಿದೆ. ಹಳೆಯ ಕ್ಯಾಬಿನೆಟ್, ಹಳೆಯ ಪವರ್ ಸಪ್ಲೈ ಎರಡಕ್ಕೂ ತಕರಾರಿಲ್ಲದೆ ಹೊಂದಿಕೊಂಡಿತು. ರ‍್ಯಾಮಿನ ವಿಷಯದಲ್ಲಿ ಎಡವಿದೆ. ಹಳೆಯ ಬೋರ್ಡಿನಲ್ಲಿ 2 ಜಿಬಿಯ ನಾಲ್ಕು ಡಿಡಿಆರ್3 ಮೆಮೊರಿ ಪಟ್ಟಿಗಳಿದ್ದವು, ಇದರಲ್ಲಿ ಇರುವುದು ಎರಡೇ ಸ್ಲಾಟ್. ಮೂರು ಪಟ್ಟಿಗಳು ಮೇಜಿನ ಖಾನೆ ಸೇರಿದವು, 8 ಜಿಬಿಯ ಹಳೆಯ ಪಟ್ಟಿಯೊಂದನ್ನು ಬೇರೆ ಕೊಳ್ಳಬೇಕಾಯಿತು. ಪ್ಯಾರಲಲ್ ಪೋರ್ಟಿಗೂ ಬೋರ್ಡಿನಲ್ಲಿ ಹೆಡರ್ (ಪಿನ್ನುಗಳ ಸಾಲು) ಮಾತ್ರವಿದೆ, ಹಿಂಬದಿಗೆ ಎಳೆಯುವ ಕೇಬಲ್ ನಾವೇ ತರಬೇಕು. ಬೋರ್ಡ್ ಬದಲಾದದ್ದಕ್ಕೆ ವಿಂಡೋಸ್ ನನ್ನನ್ನು ಹೊಸಬನೆಂದು ತಿಳಿದು ಮತ್ತೆ ಸಕ್ರಿಯಗೊಳಿಸು ಎಂದಿತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಕೆಲಸವಿರಲಿ ಬಿಡಲಿ ದಿನಕ್ಕೊಂದು ಗಂಟೆ ಚಾಲೂ ಇಡುತ್ತೇನೆ, ಬೋರ್ಡ್ ಇದುವರೆಗೆ ಕೈಕೊಟ್ಟಿಲ್ಲ. ಜೊತೆಗೆ ಬಂದಿದ್ದ ಗಡಿಯಾರ ನಡೆಸುವ ಸಿಆರ್2032 ಬ್ಯಾಟರಿ ಮಾತ್ರ ಹದಿನಾಲ್ಕೇ ತಿಂಗಳಿಗೆ ಸತ್ತು, ಒಂದು ದಿನದ ಬಿಲ್ಲುಗಳೆಲ್ಲ ಹತ್ತು ವರ್ಷ ಹಿಂದಿನ ದಿನಾಂಕದಲ್ಲಿ ಅಚ್ಚಾದವು. ಮೆಣಸು ತಂದವರು ನಕ್ಕರು. ಫ್ಯಾನ್ ಸದ್ದು ಹೆಚ್ಚು, ವೇಗ ತಗ್ಗಿಸಲು ಬೋರ್ಡಿನ ಸೆಟ್ಟಿಂಗ್ಸ್ ಇರುವ ಬಯಾಸ್‌ನಲ್ಲಿ ದಾರಿಯಿಲ್ಲ.

ಈ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ದಕ್ಕುವುದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬ್ಯಾಂಕಿನ ವ್ಯವಹಾರವನ್ನು ಮೊಬೈಲಿಗೆ ಸಾಗಿಸಿ, ಇದನ್ನು ಬಿಲ್ಲಿಗಷ್ಟೇ ಇಟ್ಟುಕೊಂಡಿದ್ದೇನೆ. ಲ್ಯಾನ್ ಕೇಬಲ್ ಈಗ ಸಿಕ್ಕಿಸುವುದೇ ಇಲ್ಲ.