ಏರ್‌ಪೋರ್ಟ್ ದೂರ ಹೇಳುವ ಆ್ಯಪ್: ಕಿಲೋಮೀಟರ್ ನಂಬಿ, ಟೈಮ್ ನಂಬಬೇಡಿ

ಎರಡು ಏರ್‌ಪೋರ್ಟ್ ಹೆಸರು ಹಾಕಿದರೆ ನಡುವಿನ ದೂರ, ಹಾರಲು ಹಿಡಿಯುವ ಟೈಮ್ ಎರಡನ್ನೂ ಹೇಳುವ ಫ್ರೀ ಆ್ಯಪ್ ಇದು. ಇಂಥವು ಬೇಕಾದಷ್ಟಿವೆ, ಎಲ್ಲದರ ಹಣೆಬರಹ ಒಂದೇ. ಹಾಗಾಗಿ ಹೆಸರು ಬೇಡ.

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ. ಮೊನ್ನೆ ಒಬ್ಬ ಹುಡುಗ ಫೋನ್ ಮುಂದೆ ಹಿಡಿದ. "ಅಕ್ಕಾರ, ಬೀದರಿಗೆ ಮೂವತ್ತೇಳೇ ನಿಮಿಷ ಅಂತ ತೋರಿಸ್ಲತದ, ಒಂದು ಟಿಕೆಟ್ ಮಾಡ್ರಿ."

"ತಮ್ಮಾ, ಆ ವಿಮಾನ ಎಲ್ಲದ?"

ದೂರ ಮಾತ್ರ ಕರೆಕ್ಟಾಗಿತ್ತು. ಜಿಬಿಐಯಿಂದ (ಕಲಬುರಗಿ ಏರ್‌ಪೋರ್ಟಿನ ಕೋಡ್) ಐಎಕ್ಸ್‌ಎಕ್ಸ್‌ಗೆ (ಬೀದರಿನದು) ನೇರ ಗೆರೆ ಎಳೆದರೆ ಸುಮಾರು 87 ಕಿ.ಮೀ. ಟೈಮ್ ಹೇಗೆ ಬಂತು ಅಂತ ಕ್ಯಾಲ್ಕುಲೇಟರ್ ತಗೊಂಡು ಕೂತೆ. ಗಂಟೆಗೆ 800 ಕಿ.ಮೀ ಅಂತ ಭಾಗಿಸಿ, ಏರಲು ಇಳಿಯಲು ಅಂತ ಅರ್ಧ ಗಂಟೆ ಸೇರಿಸುತ್ತದೆ, ಅಷ್ಟೇ. ವಿಮಾನ ಇದೆಯೋ ಇಲ್ಲವೋ ನೋಡುವುದೇ ಇಲ್ಲ. ಬಸ್ಸಾದರೆ ಕಮಲಾಪುರ, ಹುಮನಾಬಾದ್ ದಾಟಿ ಮೂರು ತಾಸು. 2017ರಲ್ಲಿ ಶುರುವಾದ ರೈಲು ಮಾರ್ಗವೇ 110 ಕಿ.ಮೀ. ಇನ್ನು ನಮ್ಮ ಏರ್‌ಪೋರ್ಟ್ ಇರುವುದು ಸೇಡಂ ರಸ್ತೆಯಲ್ಲಿ, ಊರಾಚೆ. ಅಲ್ಲಿಗೆ ಹೋಗುವ ಆಟೋ ಟೈಮನ್ನು ಯಾರು ಲೆಕ್ಕ ಹಾಕಬೇಕು?

ಮಧ್ಯಾಹ್ನ ಗಿರಾಕಿ ಇಲ್ಲದಾಗ ಸುಮ್ನೆ ಇನ್ನೂ ದೂರದ ಜೋಡಿ ಹಾಕಿ ನೋಡಿದೆ. ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮತವೇರಿ, ಫ್ರೆಂಚ್ ಪಾಲಿನೇಷ್ಯಾದ ಮಂಗರೇವಾ ಕಡೆಯ ತೊತೆಗೆಗಿ. ನಡುವೆ ಸುಮಾರು 2,600 ಕಿ.ಮೀ. ಆ್ಯಪ್ ಪ್ರಕಾರ ಮೂರು ಮುಕ್ಕಾಲು ಗಂಟೆ. ಆದರೆ ಅವೆರಡರ ನಡುವೆ ನೇರ ವಿಮಾನವೇ ಇಲ್ಲ! ಮೊದಲು ಉಲ್ಟಾ ದಿಕ್ಕಿಗೆ 3,750 ಕಿ.ಮೀ ಹಾರಿ ಚಿಲಿಯ ಸ್ಯಾಂಟಿಯಾಗೊಗೆ ಬರಬೇಕು. ಅಲ್ಲಿಂದ ಸುತ್ತಿ ಬಳಸಿ ತಹೀಟಿಯ ಪಪೀಟೆ. ಪಪೀಟೆಯಿಂದ ಮತ್ತೆ 1,600 ಕಿ.ಮೀಗೂ ಜಾಸ್ತಿ. ಆ ಕೊನೆಯ ಹಾರಾಟಕ್ಕೂ ಆ್ಯಪ್ ಎರಡೂವರೆ ಗಂಟೆ ಅನ್ನುತ್ತದೆ. ಅಲ್ಲಿ ಓಡುವುದು ಎಟಿಆರ್, ಫ್ಯಾನಿನ ವಿಮಾನ. ಅದರ ಓಟವೇ ಗಂಟೆಗೆ 500 ಕಿ.ಮೀ ಆಸುಪಾಸು. ಮೂರೂವರೆ ತಾಸಾದರೂ ಬೇಕಲ್ವಾ? ಇಳಿದ ಮೇಲೂ ಮುಗಿಯಲಿಲ್ಲ. ರನ್‌ವೇ ಇರುವುದು ಬೇರೆ ನಡುಗಡ್ಡೆಯಲ್ಲಿ, ಊರಿಗೆ ದೋಣಿ ಹತ್ತಬೇಕು. ಸೇಡಂ ರಸ್ತೆಯ ಆಟೋ ಎಷ್ಟೋ ವಾಸಿ.

ಎರಡೂ ಕಡೆಯ ಗಡಿಯಾರದ ವ್ಯತ್ಯಾಸ ಮಾತ್ರ ಚೆನ್ನಾಗಿ ತೋರಿಸುತ್ತದೆ. ಗಲ್ಫ್‌ನಲ್ಲಿ ಕೆಲಸ ಮಾಡುವವರ ಮನೆಯವರಿಗೆ ಅದು ನಿಜಕ್ಕೂ ಉಪಯೋಗ. ಕೋಡ್ ಹುಡುಕುವುದೂ ಸಲೀಸು. ಜಾಹೀರಾತಿನ ಕಾಟ ಜಾಸ್ತಿ, ಮುಚ್ಚುವ ಗುರುತು ಸಾಸಿವೆ ಕಾಳಿನಷ್ಟು.

ಐದಕ್ಕೆ ಎರಡೂವರೆ ಸ್ಟಾರ್ ಕೊಡುತ್ತೇನೆ. ಟೈಮ್ ಪಕ್ಕದಲ್ಲಿ "ನೇರ ವಿಮಾನ ಇಲ್ಲ" ಅಂತ ಒಂದು ಸಾಲು ಹಾಕಿದರೆ ಇನ್ನೊಂದು ಸ್ಟಾರ್ ಸೇರಿಸಲು ತಕರಾರಿಲ್ಲ. ಆ ಹುಡುಗ ಕೊನೆಗೆ ಬಸ್ಸಿಗೇ ಹೋದ.