ಕ್ಯಾತ್ಸಂದ್ರದ ಬೋರ್ಡಿಲ್ಲದ ಮೆಸ್: ಊಟಕ್ಕೆ ಫುಲ್ ಮಾರ್ಕ್ಸ್, ಕಕ್ಕಸಿಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ರುಚಿ ಹುಡುಕಿಕೊಂಡು ಹೋಗುವವರಿಗೆ ಬರೆದದ್ದಲ್ಲ ಇದು. ನನಗೆ ಅಲ್ಸರೇಟಿವ್ ಕೊಲೈಟಿಸ್ ಇದೆ. ದೊಡ್ಡ ಕರುಳಿನ ಒಳಪದರ ಊದಿಕೊಂಡು ಹುಣ್ಣಾಗುವ ಕಾಯಿಲೆ. ನಾಲ್ಕು ವರ್ಷ ಆಯ್ತು. ಗ್ಯಾಸ್ಟ್ರಿಕ್ ಅಲ್ಲ ಅಂತ ಎಷ್ಟು ಹೇಳಿದರೂ ಸಿಕ್ಕವರೆಲ್ಲ ಜೀರಿಗೆ ನೀರು ಕುಡಿ ಅಂತಾರೆ.

ತುಮಕೂರಲ್ಲಿ ಹೋಟೆಲಿಗೆ ಬರವಿಲ್ಲ. ಆದರೆ ನಮ್ಮ ಕಡೆ ಊಟ ಅಂದರೆ ಮುದ್ದೆ, ಬಸ್ಸಾರು, ಅವರೆಕಾಳು, ಹುರುಳಿಕಾಳು ತಾನೆ? ಎಲ್ಲದರಲ್ಲೂ ನಾರು ಜಾಸ್ತಿ. ಹೊಟ್ಟೆ ತಣ್ಣಗಿದ್ದಾಗ ನಾನೂ ಎರಡು ಮುದ್ದೆ ನುಂಗುತ್ತೇನೆ. ಕೆರಳಿದಾಗ ಮಾತ್ರ ಅದೇ ಮುದ್ದೆ ಸಂಜೆಯೊಳಗೆ ಆರು ಸಲ ಓಡಿಸುತ್ತದೆ.

ಈ ಮೆಸ್ ಇರುವುದು ಕ್ಯಾತ್ಸಂದ್ರದಿಂದ ಸಿದ್ಧಗಂಗಾ ಮಠದ ಕಡೆ ಹೋಗುವಾಗ ಸಿಗುವ ಒಂದು ಅಡ್ಡರಸ್ತೆಯಲ್ಲಿ. ಬೋರ್ಡ್ ಇಲ್ಲ, ಮನೆಯ ಪಡಸಾಲೆಯಲ್ಲಿ ನಾಲ್ಕು ಟೇಬಲ್ಲು ಅಷ್ಟೆ. ಊಟ 70 ರೂಪಾಯಿ. ಮೊದಲ ದಿನ ಹೋದಾಗ, "ಅಮ್ಮಾ, ಸಾರಿಗೆ ಈರುಳ್ಳಿ ಹಾಕಿದ್ದೀರಾ?" ಅಂತ ಕೇಳಿದೆ. ಬೇರೆ ಕಡೆ ಈ ಪ್ರಶ್ನೆಗೆ ಪಾತ್ರೆ ಕಡೆ ನೋಡದೇನೇ "ಇಲ್ಲ ಸಾರ್, ಏನೂ ಇಲ್ಲ" ಅಂತ ಉತ್ತರ ಬರುತ್ತದೆ, ಆಮೇಲೆ ತಟ್ಟೆಯಲ್ಲಿ ಈರುಳ್ಳಿ ತೇಲುತ್ತಿರುತ್ತದೆ. ಇವರು, "ಹಾಕಿದೀನಿ ಕಣಪ್ಪ, ರುಬ್ಬಿ ಹಾಕಿದೀನಿ, ತೆಗೆಯೋಕಾಗಲ್ಲ. ತಡಿ, ಬೇಳೆಕಟ್ಟು ಎತ್ತಿಟ್ಟಿದೀನಿ, ಅದಕ್ಕೇ ಒಗ್ಗರಣೆ ಕೊಡ್ತೀನಿ" ಅಂದರು. ಆ ಒಂದು ಮಾತಿಗೇ ನಾನು ಇಲ್ಲಿಯ ಗಿರಾಕಿ ಆದೆ.

ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಫ್ರಕ್ಟಾನ್ ಅಂತ ಒಂದು ಅಂಶ ಇದೆ, ನನ್ನಂಥವರಿಗೆ ಹೊಟ್ಟೆ ಉಬ್ಬರಿಸುವುದು ಅದೇ. ಅದು ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡಲ್ಲ. ಹಾಗಾಗಿ ಸಾರಲ್ಲಿ ಕುದಿಸಿದ ಮೇಲೆ ಹೋಳು ಆರಿಸಿ ಹೊರಗಿಟ್ಟರೆ ಪ್ರಯೋಜನ ಇಲ್ಲ. ಈಯಮ್ಮ ನನಗೆ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಎಸಳು ತೆಗೆದು ಹೊರಗಿಟ್ಟು, ಬರೀ ಎಣ್ಣೆಯನ್ನು ಬೇಳೆಕಟ್ಟಿಗೆ ಸುರಿಯುತ್ತಾರೆ. ಇದನ್ನೇ ಆಸ್ಟ್ರೇಲಿಯಾದ ಮೊನಾಶ್ ಯೂನಿವರ್ಸಿಟಿಯವರು, ಕರುಳಲ್ಲಿ ಹುಳಿತು ಗ್ಯಾಸ್ ಮಾಡುವ ಇಂಥ ಅಂಶಗಳನ್ನು ಕಡಿಮೆ ಮಾಡುವ ಲೋ ಫಾಡ್‌ಮ್ಯಾಪ್ ಪಥ್ಯದಲ್ಲಿ ಹೇಳಿಕೊಡುವುದು. ಅಮ್ಮನಿಗೆ ಅದೆಲ್ಲ ಗೊತ್ತಿಲ್ಲ, ಎಸಳು ಬಾಯಿಗೆ ಸಿಕ್ಕರೆ ಅವರ ಯಜಮಾನರಿಗೆ ಆಗಲ್ಲವಂತೆ.

ಅನ್ನ ಮೆತ್ತಗೆ, ಬೆರಳಲ್ಲಿ ಒತ್ತಿದರೆ ಕಾಳು ಕರಗುತ್ತದೆ. ಸೋರೆಕಾಯಿ ಸಿಪ್ಪೆ ಹೆರೆದು, ಬೀಜ ತೆಗೆದು ಬೇಯಿಸುತ್ತಾರೆ. ಕಲ್ಪತರು ನಾಡಲ್ಲಿ ಹುಟ್ಟಿ ಕಾಯಿ ತುರಿ ಬೇಡ ಅನ್ನುವುದಕ್ಕೆ ನನಗೇ ನಾಚಿಕೆ, ಅದಕ್ಕೆ ಅವರು ತುರಿ ಹಿಂಡಿ ಹಾಲು ಮಾತ್ರ ಹಾಕುತ್ತಾರೆ. ಕೊನೆಗೆ ತೆಳು ಮಜ್ಜಿಗೆ. ಹಾಲು ಕುಡಿದರೆ ನನಗೆ ಉಬ್ಬರ, ಮಜ್ಜಿಗೆ ಒಗ್ಗುತ್ತದೆ. ಭಾನುವಾರ ಬೆಳಿಗ್ಗೆ ತಟ್ಟೆ ಇಡ್ಲಿ ಉಂಟು, ಕೆಂಪು ಚಟ್ನಿ ಮುಟ್ಟದೆ ಬರೀ ಬೆಣ್ಣೆ ಜೊತೆ ತಿನ್ನುತ್ತೇನೆ. ಆ ಚಟ್ನಿಯ ಬಟ್ಟಲನ್ನು ಪಕ್ಕದ ಟೇಬಲ್ಲಿಗೆ ದಾಟಿಸುವಾಗ ಆಗುವ ಸಂಕಟ ಬೇರೆ.

ಒಂದು ಮಾತು. ಇಲ್ಲಿ ಒಂದೂವರೆ ತಿಂಗಳು ಊಟ ಮಾಡಿ ಹೊಟ್ಟೆ ಆರಾಮಾಯಿತು ಅಂತ ಕರುಳಿನ ಊತ ಇಳಿಸುವ ಮೆಸಲಮೈನ್ ಮಾತ್ರೆ ನಿಲ್ಲಿಸಿದ್ದೆ. ಮೂರನೇ ವಾರಕ್ಕೆ ರಕ್ತ ಕಾಣಿಸಿತು. ಡಾಕ್ಟರು ಕರುಳಿನ ಊತ ಎಷ್ಟಿದೆ ಅಂತ ನೋಡಲು ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್ ಮಾಡಿಸಿ, ಸರಿಯಾಗಿ ಬೈದರು. ಪಥ್ಯ ಉಬ್ಬರ, ನುಲಿತ ಕಡಿಮೆ ಮಾಡುತ್ತದೆ, ಒಳಗಿನ ಹುಣ್ಣು ಒಣಗಿಸುವುದು ಮಾತ್ರೆ. ಇನ್ನೊಂದು, ಈ ಸಪ್ಪೆ ಊಟ ಕೆರಳಿದ ದಿನಗಳಿಗೆ ಮಾತ್ರ ಅಂದರು. ಹೆದರಿಕೊಂಡು ಎಲ್ಲವನ್ನೂ ಬಿಟ್ಟು ನಾನು ಏಳು ಕೆಜಿ ಇಳಿದಿದ್ದೆ. ಈಗ ಆರಾಮಿರುವಾಗ ಅಮ್ಮನೇ ಒಂದೊಂದು ಸೌಟು ಸೊಪ್ಪಿನ ಸಾರು ಬಡಿಸಿ, "ನಾಳೆ ಬಂದು ಹೇಳು, ಹೆಂಗಿತ್ತು ಅಂತ" ಅನ್ನುತ್ತಾರೆ.

ಮೈನಸ್ಸೂ ಇದೆ. ಸೋಮವಾರ ರಜೆ. ಅಮ್ಮ ಊರಿಗೆ ಹೋದ ದಿನ ಮಗ ಅಡುಗೆ ಮಾಡುತ್ತಾನೆ, ಅವತ್ತು ಹೋಗಬೇಡಿ, ಕೈ ಬಿಚ್ಚಿ ಖಾರ ಹಾಕುತ್ತಾನೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಕಕ್ಕಸು. ಹಿತ್ತಲಲ್ಲಿದೆ, ನೀರಿದೆ, ಒಳಗಡೆ ಚಿಲಕ ಮಾತ್ರ ಕೂರಲ್ಲ. ನನ್ನಂಥವರು ಎಲ್ಲಿಗೆ ಹೋದರೂ ಊಟಕ್ಕಿಂತ ಮೊದಲು ನೋಡುವುದು ಅದನ್ನೇ. ಮೂರು ಸಲ ಹೇಳಿದೆ, "ಮಾಡಿಸ್ತೀನಿ ಕಣಪ್ಪ" ಅಂತಾರೆ. ಹೋದ ವಾರ ನಾನೇ ಒಂದು ನೈಲಾನ್ ದಾರ ತಗೊಂಡು ಹೋಗಿ ಕಟ್ಟಿ ಬಂದಿದ್ದೇನೆ. ಒಳಗೆ ಹೋದವರು ಅದನ್ನು ಮೊಳೆಗೆ ಎರಡು ಸುತ್ತು ಸುತ್ತಿಕೊಳ್ಳಿ.